ಮಹಡಿಯಿಂದ ಚೌಕ

“ಚೌಕ!” ಎಂದು ಮೇಲಿನಿಂದ ಕೂಗು ಬಿತ್ತು.

“ಗುಂಡಗಿದೆ ಅಕ್ಕಾ!” ಎಂದು ನಕ್ಷೆಗಾರ ಕೆಳಗಿನಿಂದ ಕೂಗಿದ.

“ನನಗೇನು ಕಣ್ಣು ಕಾಣಲ್ವಾ? ನಾಲ್ಕು ಮೂಲೆ ಎಣಿಸಿ ಹೇಳ್ತಾ ಇದೀನಿ. ಚೌಕ ಅಂದ್ರೆ ಚೌಕ!”

ನಕ್ಷೆಗಾರ ಕೈಯಲ್ಲಿದ್ದ ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡು ಮೇಜಿನ ಮುಂದೆ ಮಂಡಿಯೂರಿದ. ಆಗ ತಾನೇ ಕೊರೆಯುವ ಯಂತ್ರದ ಹೊಟ್ಟೆಯಿಂದ ಹೊರಬಂದ ಮರದ ಗುಬುಟು ಇನ್ನೂ ಬೆಚ್ಚಗಿತ್ತು. ಮೆಟ್ಟಿಲಿನ ಬುಡದ ಕಂಬಕ್ಕೆ ತಲೆಯಾಗಿ ಕೂರಬೇಕಾದದ್ದು. ಎರಡು ಮುಷ್ಟಿ ಜೋಡಿಸಿದಷ್ಟು ಗಾತ್ರ, ಅಡಿಯಲ್ಲೊಂದು ಗೂಟ. ಮುಂದಿನಿಂದ ನೋಡಿದ. ಹುಣ್ಣಿಮೆ. ಮಂಡಿಯ ಮೇಲೇ ತೆವಳಿಕೊಂಡು ಪಕ್ಕಕ್ಕೆ ಹೋಗಿ ನೋಡಿದ. ಅಲ್ಲೂ ಹುಣ್ಣಿಮೆ.

“ಅಕ್ಕಾ, ಕಿಟಕಿ ಗಾಜು ಒರೆಸಿ ನೋಡಿ.”

“ಗಾಜು ಒಡೆದು ಎರಡು ವರ್ಷ ಆಯ್ತು. ನೀನೇ ಹತ್ತಿ ಬಾ.”

ಫೋನಿನಕ್ಕನ ಕೋಣೆ ಕಾರ್ಖಾನೆಯ ದೊಡ್ಡ ಹಜಾರದೊಳಗೇ ಹಲಗೆಯಿಂದ ಕಟ್ಟಿದ ಅರ್ಧ ಮಹಡಿ. ಇಪ್ಪತ್ತು ವರ್ಷದಿಂದ ಅಲ್ಲಿ ಕೂತು ಗಿರಾಕಿಗಳ ಕರೆಗೆ ಉತ್ತರ ಹೇಳುವುದು, ಚಿತ್ರ ಕಳಿಸುವುದು, ಬಿಡುವಾದಾಗ ಕೆಳಗೆ ನೋಡುವುದು ಅವಳ ಕೆಲಸ. ಕೆಳಗೆ ಅವಳಿಗೆ ಕಾಣುತ್ತಿದ್ದದ್ದು ಎಲ್ಲರ ನೆತ್ತಿ. ಯಾರ ಕೂದಲು ಯಾವ ವರ್ಷ ಉದುರಿತು ಎಂಬುದು ಆಯಾ ತಲೆಯವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತು.

ನಕ್ಷೆಗಾರ ಹದಿಮೂರು ಮೆಟ್ಟಿಲು ಹತ್ತಿ, ಅವಳ ಪಕ್ಕದಲ್ಲಿ ಬಗ್ಗಿ, ಕೆಳಗೆ ನೋಡಿದ.

ಮೇಜಿನ ಮೇಲೆ ಚೌಕವೊಂದು ಕೂತಿತ್ತು. ಅಳತೆಪಟ್ಟಿ ಹಿಡಿದು ಬರೆದಂಥ ಚೌಕ. ಮೂಲೆಯಿಂದ ಮೂಲೆಗೆ ಎರಡು ಗೆರೆಗಳು ನಡುವೆ ಕೂಡಿಕೊಂಡು, ಅಂಟಿಸಿದ ಲಕೋಟೆಯ ಬೆನ್ನಿನ ಹಾಗೆ ಕಾಣುತ್ತಿತ್ತು.

ಅವನು ಕಿಟಕಿಯ ಚೌಕಟ್ಟು ಹಿಡಿದುಕೊಂಡ. “ಇದು ನಂದಲ್ಲ,” ಎಂದ.

“ಮತ್ತೆ ಯಾರದು? ಈಗ ತಾನೇ ಸ್ನಾನ ಮಾಡಿಸಿದ ಮಗು ಥರ ಒರೆಸ್ತಾ ಇದ್ದೆ.”

ಅವನು ಕೆಳಗೆ ಓಡಿದ. ದುಂಡು. ಮೇಲೆ ಓಡಿದ. ಚೌಕ. ಫೋನಿನಕ್ಕ ಸಾಕ್ಷಿಗಿರಲಿ ಎಂದು ಕಿಟಕಿಯಿಂದ ಕೈ ಚಾಚಿ ಒಂದು ಚಿತ್ರ, ಕೆಳಗಿಳಿದು ಎದುರಿನಿಂದ ಇನ್ನೊಂದು ಚಿತ್ರ ತೆಗೆದುಕೊಂಡು ಮೇಲೆ ಹೋದಳು.

ತಪ್ಪು ಎಲ್ಲಿ ಹುಟ್ಟಿತೆಂದು ಅವನಿಗೆ ಹೊಳೆದದ್ದು ಏಳನೆಯ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ಕೂತಾಗ. ಈ ಕಾರ್ಖಾನೆಯಲ್ಲಿ ಕುರ್ಚಿಯ ಕಾಲು, ಬಾಗಿಲ ಹಿಡಿಕೆ, ಮೆಟ್ಟಿಲ ಕಟಕಟೆ ಇಂಥವೇ ತಯಾರಾಗುತ್ತಿದ್ದವು. ಯಜಮಾನರ ತಂದೆಯ ಕಾಲದಿಂದ ಇಲ್ಲಿ ಒಂದೇ ಕಟ್ಟಳೆ: ಏನೇ ಮಾಡಿದರೂ ಮುಂದಿನಿಂದ ಒಂದು ನೋಟ, ಪಕ್ಕದಿಂದ ಒಂದು ನೋಟ. ಮೂರನೆಯದನ್ನು ಬರೆಯುವುದು ಕಾಗದಕ್ಕೆ ದಂಡ. ಕುರ್ಚಿಯ ಕಾಲನ್ನು ಮೇಲಿನಿಂದ ಯಾರು ನೋಡುತ್ತಾರೆ? ಕಂಪ್ಯೂಟರ್ ಬಂದು ಕಾಗದವೇ ಹೋದರೂ ಕಟ್ಟಳೆ ಹೋಗಿರಲಿಲ್ಲ.

ಅದರ ಜೊತೆಗೆ ನಕ್ಷೆಗಾರನಿಗೆ ತಿಂಗಳ ಹಿಂದೆ ಒಂದು ವಿದ್ಯೆ ಸಿಕ್ಕಿತ್ತು. ಪರದೆಯ ಮೇಲೆ ಮುಂದಿನ ಆಕಾರವನ್ನು ಬರೆದು ಹಿಂದಕ್ಕೆ ಎಳೆದರೆ ಅದು ಅಚ್ಚಿನಿಂದ ಬರುವ ಹಿಟ್ಟಿನ ಹಾಗೆ ಉದ್ದಕ್ಕೆ ಬರುತ್ತದೆ. ಪಕ್ಕದ ಆಕಾರವನ್ನು ಬರೆದು ಅಡ್ಡಕ್ಕೆ ಎಳೆದರೆ ಅದೂ ಬರುತ್ತದೆ. ಎರಡನ್ನೂ ಒಂದರೊಳಗೊಂದು ಹಾಯಿಸಿ ‘ಛೇದಿಸು’ ಎಂಬ ಗುಂಡಿ ಒತ್ತಿದರೆ, ಎರಡಕ್ಕೂ ಸೇರಿದ ಜಾಗ ಮಾತ್ರ ಉಳಿದು ಮಿಕ್ಕದ್ದೆಲ್ಲ ಮಾಯ. ಒಂದು ನೋಟ ಹೂಂ ಎಂದು ಇನ್ನೊಂದು ಊಹೂಂ ಎಂದ ಕಡೆ ಒಂದು ಚೂರೂ ನಿಲ್ಲುವುದಿಲ್ಲ.

ಮೊದಲ ಸಲ ಪಕ್ಕದಿಂದ ಬಾತುಕೋಳಿ, ಮುಂದಿನಿಂದ ಮೊಟ್ಟೆ ಬರೆದು ಗುಂಡಿ ಒತ್ತಿದಾಗ, ಪರದೆಯ ಮೇಲೆ ಬಾತುಕೋಳಿಯೇ ಎದ್ದು ಕೂತು ಅವನನ್ನು ನೋಡಿತ್ತು. ಅವತ್ತು ಅವನು ಊಟ ಮರೆತ. ಮನೆಗೆ ಹೋಗಿ ಹೆಂಡತಿಗೆ, “ನಿನ್ನ ಮುಂದಿನ ನೋಟ, ಪಕ್ಕದ ನೋಟ ಎರಡು ಕೊಟ್ರೆ ಸಾಕು, ನಿನ್ನನ್ನೇ ಮಾಡಿಬಿಡ್ತೀನಿ,” ಎಂದ. “ಮೊದಲು ಈರುಳ್ಳಿ ಹೆಚ್ಚು,” ಎಂದಳು ಅವಳು.

ಪರದೆಯ ಮೂಲೆಯಲ್ಲಿ ‘ಗೋಳ’ ಎಂಬ ಗುಂಡಿಯೂ ಇತ್ತು. ಅದನ್ನೊತ್ತಿದ್ದರೆ ನಿನ್ನೆಯೇ ಕತೆ ಮುಗಿಯುತ್ತಿತ್ತು. ಆದರೆ ಹೊಸ ಚಪ್ಪಲಿ ಕೊಂಡವನಿಗೆ ಮನೆಯೊಳಗೂ ಬಿಚ್ಚಲು ಮನಸ್ಸಾಗದ ಹಾಗೆ, ಅವನ ಕೈ ‘ಛೇದಿಸು’ ಬಿಟ್ಟು ಬೇರೆ ಕಡೆ ಹೋಗುತ್ತಿರಲಿಲ್ಲ. ಮುಂದಿನಿಂದ ಒಂದು ವೃತ್ತ, ಪಕ್ಕದಿಂದ ಒಂದು ವೃತ್ತ. ಎರಡು ಕಡೆಯಿಂದ ದುಂಡಗಿದ್ದರೆ ಅದು ಗೋಳವಲ್ಲದೆ ಇನ್ನೇನು?

ಇನ್ನೇನು ಎಂಬುದು ಈಗ ಮೇಜಿನ ಮೇಲೆ ಕೂತಿತ್ತು.

ಸುಮ್ಮನೆ ಕೂತಿದ್ದರೆ ಅವನು ಅದನ್ನು ಇಡೀ ದಿನ ನೋಡುತ್ತಿದ್ದನೇನೋ. ಆದರೆ ಸಂಜೆ ನಾಲ್ಕಕ್ಕೆ ಗಿರಾಕಿ ಬರುವವರಿದ್ದರು. ಹನ್ನೊಂದು ತಿಂಗಳಿಂದ ಅವನು ಇಲ್ಲಿ ಹಂಗಾಮಿ; ಕುರ್ಚಿಯಿಲ್ಲ, ಕಾಲು ಕುಂಟುವ ಸ್ಟೂಲು. ಈ ಗುಬುಟು ಒಪ್ಪಿಗೆಯಾದರೆ ಕೆಲಸ ಕಾಯಂ, ಕಿಟಕಿ ಪಕ್ಕದ ತಿರುಗುವ ಕುರ್ಚಿ ಅವನದು. ಆಗದಿದ್ದರೆ ನಾಳೆಯಿಂದ ಹಿಂಬದಿಯ ಉಜ್ಜುವ ಕೋಣೆ. ಅಲ್ಲಿ ಉಪ್ಪುಕಾಗದ ಹಿಡಿದು ಹೋದವರು ಸಂಜೆ ಹೊರಗೆ ಬರುವಾಗ ಹುಬ್ಬು, ಮೀಸೆ, ಕಣ್ಣಿನ ರೆಪ್ಪೆ ಎಲ್ಲ ಮರದ ಪುಡಿಯ ಒಂದೇ ಬಣ್ಣವಾಗಿರುತ್ತಿತ್ತು. ಮತ್ತೊಂದು ಕೊರೆಯೋಣವೆಂದರೆ ಮರವಿಲ್ಲ. ಗಿರಾಕಿ ಕಳಿಸಿದ್ದು ಹಳೆಯ ತೊಲೆಯಿಂದ ಕೊಯ್ದ ಒಂದೇ ತುಂಡು, ಜೇನಿನಂಥ ಕಂದು. ಇನ್ನೊಂದು ಇಲ್ಲವೆಂದು ಮೊದಲೇ ಬರೆದು ತಿಳಿಸಿದ್ದರು.

ಆ ಗಿರಾಕಿಯನ್ನು ಯಾರೂ ಕಂಡಿರಲಿಲ್ಲ. ಎಲ್ಲ ವ್ಯವಹಾರ ಮೆಸೇಜಿನಲ್ಲೇ. ಮೂರು ವಾರದಿಂದ ಫೋನಿನಕ್ಕ ಅವನ್ನು ಜೋರಾಗಿ ಓದಿ ಹೇಳುತ್ತಿದ್ದಳು. ‘ಗುಂಡಗಿರಲಿ.’ ‘ಚೌಕ ಇರಲಿ. ಹಿಂದಿನದನ್ನು ನೋಡಬೇಡಿ.’ ‘ಹಿಂದಿನದರ ಹಿಂದಿನದನ್ನೇ ನೋಡಿ.’ ‘ಖಂಡಿತ ಚೌಕ.’ ‘ಖಂಡಿತ ಎಂದಿದ್ದನ್ನು ಅಳಿಸಿ.’ ಮನಸ್ಸು ಗಡಿಯಾರದ ಲೋಲಕದ ಹಾಗೆ ತೂಗುವ ಇಂಥ ಮನುಷ್ಯನನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲವಂತೆ. ನಿನ್ನೆ ಸಂಜೆ ಮತ್ತೆ ‘ಗುಂಡಗೆ’ ಎಂದು ಬಂದಾಗ ಯಜಮಾನರು, “ಮನಸ್ಸು ಬದಲಾಗೋದ್ರೊಳಗೆ ಕೊರೆದುಹಾಕು,” ಎಂದಿದ್ದರು.

ಆ ಯಜಮಾನರು ಈಗ ಬಂದರು. ದೊಡ್ಡ ದೇಹ, ಚಿಕ್ಕ ಉಸಿರು.

“ಆಯ್ತೇನೋ?” ಎಂದು ಬಾಗಿಲಲ್ಲೇ ನಿಂತು ನೋಡಿದರು. “ಭೇಷ್! ಗುಂಡಗಿದೆ.”

“ಮೇಲೆ ಬಂದು ಹೇಳಿ,” ಎಂದಳು ಫೋನಿನಕ್ಕ.

“ಮೇಲೆ ಯಾಕೆ ಸರ್, ಮಂಡಿ ನೋವು ನಿಮಗೆ,” ಎಂದು ನಕ್ಷೆಗಾರ ಅಡ್ಡ ನಿಂತ. ಅಡ್ಡ ನಿಂತಿದ್ದಕ್ಕೇ ಅವರಿಗೆ ಅನುಮಾನ ಬಂತು. ಹತ್ತಿದರು. ಕೆಳಗೆ ನೋಡಿದರು. ಇಳಿದು ಬಂದು ಗುಬುಟನ್ನು ನೋಡಿದರು. ಮತ್ತೆ ಹತ್ತಿದರು. ಮೂರನೆಯ ಸಲ ಇಳಿಯುವಾಗ ಬೈಯಲು ಬಾಯಿ ತೆರೆದಿದ್ದವರು ಹಾಗೇ ಮುಚ್ಚಿಕೊಂಡರು. ನಾಲ್ಕನೆಯ ಸಲ ಹತ್ತುವಾಗ ಅರ್ಧದಲ್ಲಿ ನಿಂತು, ಕಂಬಿ ಹಿಡಿದು, ಮಗುವಿನ ಹಾಗೆ ಕತ್ತು ಓರೆ ಮಾಡಿದರು.

“ಇದು ಬದಲಾಗೋದು ಯಾವಾಗ?” ಎಂದು ಪಿಸುಗುಟ್ಟಿದರು. “ಐದನೇ ಮೆಟ್ಟಿಲಲ್ಲಿ ಇನ್ನೂ ಗುಂಡಗಿತ್ತು. ಒಂಬತ್ತರಲ್ಲಿ ಚೌಕ. ಏಳರಲ್ಲಿ ಎರಡೂ ಅಲ್ಲ. ನನ್ನ ಕಣ್ಣೆದುರೇ ಇದೆ, ನಾನು ರೆಪ್ಪೆನೂ ಹೊಡೆದಿಲ್ಲ, ಅದು ಯಾವ ಮಾಯದಲ್ಲಿ ಬದಲಾಯ್ತು?”

ಯಜಮಾನರು ಇಳಿದು, ಮೇಜಿನ ಮೇಲಿನ ದೀಪವನ್ನು ತಾವೇ ಎತ್ತಿ ಗುಬುಟಿನ ಮುಂದೆ ಹಿಡಿದರು. ಗೋಡೆಯ ಮೇಲೆ ದುಂಡು ನೆರಳು. ದೀಪವನ್ನು ನೆತ್ತಿಯ ಮೇಲೆ ಹಿಡಿದರು. ಮೇಜಿನ ಮೇಲೆ ಚೌಕ ನೆರಳು. ದೀಪವನ್ನು ಮತ್ತೆ ಮುಂದಕ್ಕೆ ತಂದರು, ಮತ್ತೆ ಮೇಲಕ್ಕೆತ್ತಿದರು.

ಆಮೇಲೆ ತಾವು ಯಜಮಾನರೆಂಬುದು ಅವರಿಗೆ ನೆನಪಾಯಿತು.

“ನಮ್ಮಪ್ಪ ಇದನ್ನ ಶುರು ಮಾಡಿದಾಗಿನಿಂದ ಇಲ್ಲಿ ತಯಾರಾದ ಸಾಮಾನು ಎಲ್ಲಿಂದ ನೋಡಿದ್ರೂ ಅದೇ ಸಾಮಾನು! ಗಿರಾಕಿ ಗುಂಡಗೆ ಅಂತ ಬರೆದಿದಾರೆ. ಮೆಟ್ಟಿಲ ಮೇಲೆ ನಿಂತು ನೋಡಿದ್ರೆ ಏನಂತಾರೆ? ಮೆಟ್ಟಿಲಿಗೆ ಹಾಕೋ ವಸ್ತುನ ಮೆಟ್ಟಿಲಿಂದ ನೋಡಲ್ವಾ?”

“ಸರ್, ನಾನು ಎರಡೂ ನೋಟ ಸರಿಯಾಗೇ—”

“ನಾಲ್ಕು ಗಂಟೆಗೆ ಇದು ಎಲ್ಲಾ ಕಡೆಯಿಂದ ಗುಂಡಗಿರ್ಬೇಕು. ಇಲ್ಲಾಂದ್ರೆ ಉಜ್ಜೋ ಕೋಣೆ.”

ಫೋನಿನಕ್ಕ ಮೇಲಿನಿಂದ ಇನ್ನೊಂದು ಸುದ್ದಿ ಇಳಿಸಿದಳು. “ಅಂದ ಹಾಗೆ, ಹತ್ತೂವರೆಯಿಂದ ಆ ಗಿರಾಕಿಯ ಒಂದು ಮೆಸೇಜೂ ಇಲ್ಲ. ಗಂಟೆಗೆ ಎರಡು ಸಲ ಮನಸ್ಸು ಬದಲಾಯಿಸೋ ಮನುಷ್ಯ! ಏನೋ ಆಗಿದೆ. ಸಿಟ್ಟಲ್ಲಿ ಸೀದಾ ಇಲ್ಲಿಗೇ ಹೊರಟಿರ್ಬೇಕು.”

“ಸಿಟ್ಟು ಯಾಕೆ?” ಎಂದ ನಕ್ಷೆಗಾರ.

“ನನಗೇನು ಗೊತ್ತು?” ಎಂದು ಅವಳು ಕಿಟಕಿಯಿಂದ ತಲೆ ಒಳಗೆಳೆದುಕೊಂಡಳು.

ನಕ್ಷೆಗಾರ ಗುಬುಟನ್ನು ಅಂಗಿಯೊಳಗೆ ಸೇರಿಸಿಕೊಂಡು ಹಜಾರದ ಆ ತುದಿಗೆ ಓಡಿದ. ಹೊಟ್ಟೆ ಮುಂದೆ ಬಂದ ಅವನನ್ನು ನೋಡಿ ಲೇತ್ ತಾತ ಯಂತ್ರ ನಿಲ್ಲಿಸಿ, “ಎಷ್ಟು ತಿಂಗಳು?” ಎಂದು ಕೇಳಿದರು. ನಲವತ್ತು ವರ್ಷದಿಂದ ಮರವನ್ನು ಗರಗರ ತಿರುಗಿಸಿ ಉಳಿ ಹಿಡಿದು ದುಂಡು ಮಾಡುವುದೇ ಅವರ ಬದುಕು. ಕೊರೆಯುವ ಯಂತ್ರ ಬಂದ ಮೇಲೆ ಅವರ ಬಳಿ ಯಾರೂ ಬರುತ್ತಿರಲಿಲ್ಲ. ಅದಕ್ಕೇ ಬಂದವರ ಜೊತೆ ಅವರು ಆತುರಪಡುತ್ತಿರಲಿಲ್ಲ.

ಗುಬುಟನ್ನು ಕೈಗೆ ತೆಗೆದುಕೊಂಡ ತಾತ ಕಣ್ಣಲ್ಲಿ ನೋಡಲಿಲ್ಲ. ಹೆಬ್ಬೆರಳಿನಿಂದ ನೋಡಿದರು. ಹೆಬ್ಬೆರಳು ನೆತ್ತಿಯಿಂದ ಬುಡಕ್ಕೆ ನುಣ್ಣಗೆ ಜಾರಿತು. ಪಕ್ಕಕ್ಕೆ ಹೊರಳಿತು. ಎರಡು ಮೈ ಕೂಡುವ ಒಂದು ಏಣಿನ ಮೇಲೆ ನಿಂತಿತು. ಮತ್ತೆ ಜಾರಿತು. ನಾಲ್ಕು ಏಣು ದಾಟಿ ಹೊರಟಲ್ಲಿಗೇ ಬಂದಿತು.

“ಯಾರು ಮಾಡಿದ್ದು?”

“ನಾನೇ, ತಾತ. ತಪ್ಪಾಗಿ.”

“ನಾನು ಲಕ್ಷ ಗುಂಡು ಕಡೆದಿದೀನಿ ಕಣಪ್ಪ. ಮಂಚದ ಕಾಲಿಗೆ, ಗೇಟಿಗೆ, ಚೆಸ್ಸಿನ ಕಾಯಿಗೆ. ತಪ್ಪಾಗಿ ಕೂಡ ನನ್ನ ಕೈಲಿ ಇಂಥದ್ದು ಹುಟ್ಟಲಿಲ್ಲ ನೋಡು.” ಅವರ ದನಿ ತಗ್ಗಿತ್ತು. “ಲೇತಲ್ಲಿ ಹುಟ್ಟೋಕೆ ಸಾಧ್ಯನೂ ಇಲ್ಲ. ಲೇತು ಒಂದೇ ಮಾತಾಡುತ್ತೆ. ಇದು ಎರಡು ಮಾತಾಡ್ತಾ ಇದೆ, ಎರಡೂ ನಿಜ.”

“ತಾತ, ಏಣು ತೆಗೆದು ಗುಂಡಗೆ ಮಾಡಿಕೊಡಿ. ನಾಲ್ಕು ಗಂಟೆಗೆ ಬೇಕು.”

“ನನ್ನ ಕೈಲಿ ಇದನ್ನ ಕೆಡಿಸ್ಬೇಡ.”

“ಉಜ್ಜೋ ಕೋಣೆ, ತಾತ!”

ತಾತ ಅವನ ಹುಬ್ಬನ್ನೂ ಮೀಸೆಯನ್ನೂ ನೋಡಿದರು. ಇನ್ನೂ ಕಪ್ಪಗಿದ್ದವು. ನಿಟ್ಟುಸಿರು ಬಿಟ್ಟು, ಗೂಟವನ್ನು ಒಂದು ಕಡೆ, ನೆತ್ತಿಯನ್ನು ಇನ್ನೊಂದು ಕಡೆ ಬಿಗಿದು ಲೇತ್ ತಿರುಗಿಸಿದರು.

ಆಗ ಆದದ್ದನ್ನು ನಕ್ಷೆಗಾರ ಸಾಯುವ ತನಕ ಮರೆಯಲಾರ. ವೇಗ ಏರಿದಂತೆ ನಾಲ್ಕು ಮೂಲೆಗಳು ಕರಗಿ ಕಂದು ಹೊಗೆಯಾದವು. ಆ ಹೊಗೆಯ ನಡುವೆ, ಉಳಿ ಇನ್ನೂ ಮುಟ್ಟಿಯೇ ಇಲ್ಲ, ಗಟ್ಟಿಯಾದ ಗುಂಡೊಂದು ಹೊಳೆಯುತ್ತ ಕೂತಿತ್ತು. ನೆತ್ತಿಗೆ ನೆತ್ತಿ, ಪಕ್ಕೆಗೆ ಪಕ್ಕೆ, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಒಳಗೇ ಇತ್ತಲ್ಲ, ತಾತ!”

“ಹೂಂ. ಬೆಳಿಗ್ಗೆಯಿಂದ ಅಲ್ಲೇ ಕೂತು ನಿನ್ನ ಪೇಚಾಟ ನೋಡ್ತಾ ಇತ್ತು,” ಎಂದು ತಾತ ಉಳಿ ತಾಗಿಸಿದರು. ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು ಅವರ ಕೈ, ಎದೆ, ಕನ್ನಡಕದ ಮೇಲೆ ಬಿತ್ತು. ಹೊಗೆ ಒಳಗೊಳಗೇ ಕುಗ್ಗುತ್ತ ಬಂತು. ಐದು ಪಾಲಿನಲ್ಲಿ ಒಂದು ಪಾಲು ನೆಲಕ್ಕಿಳಿದಾಗ ಹೊಗೆ ಪೂರ್ತಿ ಹೋಗಿ, ಸದ್ದೂ ಬದಲಾಗಿ, ಗುಂಡು ಮಾತ್ರ ಉಳಿಯಿತು. ತಾತ ಯಂತ್ರ ನಿಲ್ಲಿಸಿ ಸ್ವಲ್ಪ ಹೊತ್ತು ಅದನ್ನು ನೋಡಿದರು. “ಚೆನ್ನಾಗಿದೆ,” ಎಂದರು. ಲಕ್ಷದ ಒಂದನೆಯದಕ್ಕೆ ಹೇಳುವ ದನಿಯಲ್ಲಿ.

ಮೂರೂವರೆಗೆ ಯಜಮಾನರು ಬಾಗಿಲಿನಿಂದ ನೋಡಿದರು, ಪಕ್ಕದಿಂದ ನೋಡಿದರು, ಐದು, ಏಳು, ಒಂಬತ್ತು, ಹದಿಮೂರನೆಯ ಮೆಟ್ಟಿಲಿನಿಂದ ನೋಡಿದರು. ಕೊನೆಗೆ ಮೇಜಿನ ಕೆಳಗೂ ನುಸುಳಿ ನೋಡಿದರು. ಎಲ್ಲ ಕಡೆಯಿಂದ ದುಂಡು. ಮುಖದಲ್ಲಿ ಸಮಾಧಾನವೂ ಇತ್ತು, ಏನೋ ಕಳೆದುಕೊಂಡವರ ಪೆಚ್ಚುತನವೂ ಇತ್ತು. “ಕೂತ್ಕೋ,” ಎಂದು ಕಿಟಕಿ ಪಕ್ಕದ ಕುರ್ಚಿಯನ್ನು ತೋರಿಸಿದರು.

ನಕ್ಷೆಗಾರ ಕೂತ. ಕುರ್ಚಿ ಎಡಕ್ಕೆ ತಿರುಗಿತು. ಬಲಕ್ಕೆ ತಿರುಗಿತು. ಒಂದು ಸಲ ಪೂರ್ತಿ ಸುತ್ತಿ ಬಂದ. ಹನ್ನೊಂದು ತಿಂಗಳ ಸ್ಟೂಲು ಮೂಲೆಯಿಂದ ಅವನನ್ನು ಹೊಟ್ಟೆಕಿಚ್ಚಿನಿಂದ ನೋಡುವಂತಿತ್ತು. ಗುಂಡಿನ ಮೇಲೆ ಹಳದಿ ಬಟ್ಟೆ ಮುಚ್ಚಿ ಎಲ್ಲರೂ ಕಾದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಬಾಗಿಲಲ್ಲಿ ಒಬ್ಬರ ಬದಲು ಇಬ್ಬರು ಬಂದರು. ಊರುಗೋಲು ಹಿಡಿದ ದಪ್ಪ ಕನ್ನಡಕದ ಗಂಡಸು. ಅವರ ತೋಳು ಹಿಡಿದು ನಗುತ್ತಿದ್ದ, ಬೆಳ್ಳಗೆ ಹಣ್ಣಾದ ಕೂದಲಿನ ಹೆಂಗಸು.

“ಮೆಟ್ಟಿಲಿನ ಗುಬುಟಿನ ಗಿರಾಕಿ...?” ಎಂದರು ಯಜಮಾನರು.

“ನಾನೇ,” ಎಂದರು ಇಬ್ಬರೂ ಒಟ್ಟಿಗೆ.

ಮಹಡಿಯಲ್ಲಿ ಫೋನಿನಕ್ಕನ ಕುರ್ಚಿ ಕಿರ್ರೆಂದಿತು.

“ನೀವು ನಮ್ಮನ್ನ ಹುಚ್ಚರು ಅಂದ್ಕೊಂಡಿರ್ತೀರಿ,” ಎಂದರು ಗಂಡಸು. “ಮನೇಲಿ ಫೋನು ಒಂದೇ. ಮೂರು ವಾರದಿಂದ ನಾವಿಬ್ರೂ ಮಾತು ಬಿಟ್ಟಿದ್ವಿ. ಇವಳು ಮೇಲೆ ಹೋದಾಗ ನಾನು ನಿಮಗೆ ಗುಂಡಗೆ ಅಂತ ಬರೀತಿದ್ದೆ.”

“ಇವರಿಗೆ ಜೊಂಪು ಹತ್ತಿದಾಗ ನಾನು ಚೌಕ ಅಂತ ಬರೀತಿದ್ದೆ,” ಎಂದರು ಹೆಂಗಸು. “ಇವರಿಗೆ ಮಂಡಿ ಬಗ್ಗಲ್ಲ, ಯಾವಾಗ್ಲೂ ಕೆಳಗೇ ಇರ್ತಾರೆ. ನನ್ನ ಹೊಲಿಗೆ, ಓದು ಎಲ್ಲಾ ಮೇಲೆ. ಮೆಟ್ಟಿಲು ಇಳೀವಾಗ ಮೊದಲು ಕಣ್ಣಿಗೆ ಬೀಳೋದೇ ಆ ಕಂಬ. ನನಗಿಷ್ಟವಿಲ್ಲದ್ದನ್ನ ನೋಡ್ಕೊಂಡು ದಿನಕ್ಕೆ ಹತ್ತು ಸಲ ಇಳೀಲಾ?”

“ನಾನು ಇಡೀ ದಿನ ಅದರೆದುರೇ ಕೂತಿರ್ಬೇಕಲ್ಲ? ಬಿಡಿ. ಬೆಳಿಗ್ಗೆ ನಿಮ್ಮ ಎರಡು ಚಿತ್ರ ಬಂತು. ಮೊದಲನೇದು ನೋಡಿ ನಾನು ‘ಗೆದ್ದೆ’ ಅಂದೆ. ಎರಡನೇದು ನೋಡಿ ಇವಳು ‘ಗೆದ್ದೆ’ ಅಂದಳು. ಅರ್ಧ ಗಂಟೆ ಆದ್ಮೇಲೆ ಗೊತ್ತಾಯ್ತು, ಎರಡೂ ಒಂದೇ ವಸ್ತು ಅಂತ! ಮೂರು ವಾರದಲ್ಲಿ ಮೊದಲ ಸಲ ಒಟ್ಟಿಗೆ ಕೂತು ಊಟ ಮಾಡಿದ್ವಿ.”

“ಎರಡು ಚಿತ್ರ?” ಎಂದರು ಯಜಮಾನರು, ಮೇಲೆ ನೋಡಿ.

“ಗಿರಾಕಿ ಹತ್ರ ಮುಚ್ಚುಮರೆ ಮಾಡ್ಬಾರ್ದು ಅಂತ ಕಳಿಸಿದೆ,” ಎಂದು ಮೇಲಿನಿಂದ ಒಂದು ಸಣ್ಣ ದನಿ ಬಂತು.

“ಇಂಥದ್ದು ಯಾರ ತಲೇಲಿ ಹುಟ್ಟಿತು?” ಎಂದು ಹೆಂಗಸು ಸುತ್ತಲೂ ನೋಡಿದರು. “ಅವರನ್ನ ನೋಡ್ಬೇಕು. ನಾವಿಬ್ರೂ ಒಪ್ಪಿದ್ದು ಎರಡೇ. ಆ ತೊಲೆಯ ಮರ ಒಂದು. ಈಗ ಇದು.”

ನಕ್ಷೆಗಾರ ಕುರ್ಚಿಯಿಂದ ಎದ್ದ. ಯಾರೂ ಏಳು ಎಂದಿರಲಿಲ್ಲ. ಹಜಾರದ ಆ ತುದಿಯಲ್ಲಿ ಲೇತ್ ತಾತ ಸಿಪ್ಪೆ ಗುಡಿಸುತ್ತಿದ್ದ ಪೊರಕೆಯ ಸದ್ದು ನಿಂತಿತು.

ಹಳದಿ ಬಟ್ಟೆಯನ್ನು ಎತ್ತಲು ಯಾರ ಕೈಯೂ ಮುಂದೆ ಬರಲಿಲ್ಲ. ಹೆಂಗಸೇ ಎತ್ತಿದರು. “ಆಹಾ,” ಎಂದರು ಗಂಡಸು. ಹೆಂಗಸು ಅವಸರ ಅವಸರವಾಗಿ ಹದಿಮೂರು ಮೆಟ್ಟಿಲು ಹತ್ತಿ ಕಿಟಕಿಯಿಂದ ಬಗ್ಗಿದರು. ಬಹಳ ಹೊತ್ತು ನೋಡಿದರು.

“ಇಲ್ಲಿಂದಲೂ ಗುಂಡಗಿದೆಯಲ್ರೀ.”

“ಎಲ್ಲಾ ಕಡೆಯಿಂದಲೂ ಗುಂಡಗೇ ಮಾಡಿದೀವಿ, ಅಮ್ಮ,” ಎಂದರು ಯಜಮಾನರು, ಅಳುವವರ ಹಾಗೆ.

ಗಂಡಸು ಗುಂಡನ್ನು ಸವರುತ್ತ, “ಗುಂಡಗೇ ಚೆನ್ನಾಗಿದೆ ಅಲ್ವೇನೇ? ಇದನ್ನೇ ತಗೊಂಡು ಹೋಗೋಣ,” ಎಂದರು. ಮೇಲಿನಿಂದ ಬಂದ ನೋಟಕ್ಕೆ ಅವರ ಕೈ ಗುಂಡನ್ನು ಬಿಟ್ಟಿತು.

“ಬೇರೆ ಮರದಲ್ಲಿ ನಾಳೆನೇ—” ಎಂದರು ಯಜಮಾನರು.

“ಮರ ಅದೇ ಆಗ್ಬೇಕು.”

ಆಗ ನಕ್ಷೆಗಾರನ ಕಣ್ಣು ಬೆಳಗಿತು. ಕಂದು ಹೊಗೆ ಅವನ ತಲೆಯೊಳಗೆ ಇನ್ನೂ ತಿರುಗುತ್ತಿತ್ತು. ಆ ಆಕಾರದೊಳಗೆ ಗುಂಡು ಕೂತಿತ್ತಲ್ಲ, ಹಾಗಾದರೆ ಗುಂಡಿನೊಳಗೆ? ಅವನಿಗೆ ಕುರ್ಚಿ ಮರೆತುಹೋಯಿತು, ಉಜ್ಜುವ ಕೋಣೆ ಮರೆತುಹೋಯಿತು. ಗುಂಡನ್ನು ಎರಡೂ ಕೈಯಲ್ಲಿ ಎತ್ತಿ ಮೇಲಕ್ಕೆ ಹಿಡಿದ.

“ಅಮ್ಮ! ಇದರೊಳಗೇ ಇದೆ! ಅದೇ ಆಕಾರ, ಅದೇ ಮರ. ಕೆಳಗಿಂದ ಗುಂಡು, ಮೇಲಿಂದ ಚೌಕ. ಈಗಲೂ ಒಳಗೆ ಕೂತಿದೆ. ಒಂದು ಗಂಟೆ ಕೊಡಿ, ತೆಗೆದುಕೊಡ್ತೀನಿ. ಗಾತ್ರ ಒಂದು ಸ್ವಲ್ಪ ಚಿಕ್ಕದಾಗುತ್ತೆ, ಅಷ್ಟೇ.”

ಹಜಾರದಲ್ಲಿ ಎಲ್ಲರೂ ಗುಂಡನ್ನು ನೋಡಿದರು, ಅದರೊಳಗೆ ಕೂತದ್ದು ಮಿಸುಕಾಡುತ್ತದೋ ಎಂಬಂತೆ. ಲೇತ್ ತಾತ ಪೊರಕೆ ಹಿಡಿದೇ ನಾಲ್ಕು ಹೆಜ್ಜೆ ಹತ್ತಿರ ಬಂದರು.

“ಎಷ್ಟು ಚಿಕ್ಕದು?” ಎಂದರು ಹೆಂಗಸು.

ನಕ್ಷೆಗಾರ ಗುಂಡನ್ನು ಮೇಜಿನ ಮೇಲಿಟ್ಟು, ಎರಡೂ ಕೈಯ ಬೆರಳು ಕೂಡಿಸಿ ತೋರಿಸಿದ. ಒಂದು ಕಿತ್ತಳೆ ಹಣ್ಣಿನಷ್ಟಿತ್ತು. ಗಂಡಸು ಊರುಗೋಲು ಬಿಟ್ಟು, ಎರಡು ಮುಷ್ಟಿ ಜೋಡಿಸಿ ಮನೆಯ ಕಂಬದ ದಪ್ಪ ತೋರಿಸಿದರು. ಹೆಂಗಸು ಕಿಟಕಿಯಿಂದ ಆ ಮುಷ್ಟಿಗಳನ್ನು ನೋಡಿದರು, ಈ ಬೆರಳುಗಳನ್ನು ನೋಡಿದರು.

“ಬೇಡ,” ಎಂದರು.